ಹಿಮ್ಮೇಳದ ಜಾಗ

ಏಕತಾರಿ ಭಜನೆಯಲ್ಲಿ ನನಗೆ ಪ್ರೀತಿಯ ಜಾಗವೆಂದರೆ ಹಿಮ್ಮೇಳ. ಮುಂದೆ ಪದ ಹೇಳುವವರು, ಅವರ ಪಕ್ಕ ಪೇಟಿ, ತಬಲಾ, ದಮ್ಮಡಿ. ಬೆನ್ನಿಗೆ ತಾಳ ಹಿಡಿದ ನಾವು. ಅವರು ನುಡಿ ಹೇಳುತ್ತಾರೆ, ನಾವು ಪಲ್ಲ ತಿರುಗಿಸುತ್ತೇವೆ. ನುಡಿ ಬದಲಾಗುತ್ತ ಹೋಗುತ್ತದೆ, ಪಲ್ಲ ಮಾತ್ರ ಅದೇ. ರಾತ್ರಿಯೆಲ್ಲ ಹೇಳಿದ್ದನ್ನೇ ಹೇಳಲು ಬೇಸರವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಮೊದಮೊದಲು. ಆ ಬೇಸರ ತಾನಾಗಿ ಕಳಚಿ ಬೀಳುವ ಹೊತ್ತೊಂದು ಬರುತ್ತದೆ. ಆ ಹೊತ್ತಿಗಾಗಿಯೇ ನಾನು ಅಲ್ಲಿ ಹೋಗಿ ಕೂರುವುದು.

ಧ್ಯಾನ ಎಂದಕೂಡಲೇ ಕಣ್ಣು ಮುಚ್ಚಿ ಒಬ್ಬನೇ ಕೂತವನ ಚಿತ್ರ ಬರುತ್ತದೆ. ಉತ್ತರ ಕರ್ನಾಟಕದ ಮಠ, ಗುಡಿ, ದರ್ಗಾದ ಕಟ್ಟೆಗಳ ಮೇಲೆ ಅದು ಗುಂಪಿನಲ್ಲಿ, ಬಾಯಿ ತೆರೆದು, ಕೈಯಲ್ಲಿ ಕಂಚು ಹಿಡಿದು ನಡೆಯುತ್ತ ಬಂದಿದೆ. ಶಿಶುನಾಳದ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಪದ ಕಟ್ಟಿದರು. ಕಲಬುರ್ಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ಪದಗಳು ಇಂದಿಗೂ ಊರೂರು ತಿರುಗುತ್ತವೆ. ಇವರೆಲ್ಲರಿಗಿಂತ ಹಿಂದಿನ ನಿಜಗುಣ ಶಿವಯೋಗಿಗಳ 'ಕೈವಲ್ಯ ಪದ್ಧತಿ' ಹಾಡಲೆಂದೇ ಬರೆದ ಕೃತಿ. ಅದರಲ್ಲಿ ಯೋಗಕ್ಕೇ ಮೀಸಲಾದ ಒಂದು ಭಾಗವಿದೆ. ಓದು ಬಾರದ ಒಕ್ಕಲಿಗನೂ ಇಡಾ, ಪಿಂಗಳಾ, ಸುಷುಮ್ನಾ ಎಂಬ ಹೆಸರುಗಳನ್ನು ತನ್ನ ಹೊಲದ ಗುರುತಿನಷ್ಟೇ ಸಲೀಸಾಗಿ ಹೇಳುವುದು ಈ ಪದಗಳ ದೆಸೆಯಿಂದ. ಒಂಬತ್ತು ಬಾಗಿಲಿನ ಮನೆ ಅಂದರೆ ಈ ದೇಹ, ಆರು ನೆಲೆ ಅಂದರೆ ಆರು ಚಕ್ರ ಎಂಬುದು ಅವನಿಗೆ ಯಾರೂ ಪಾಠ ಮಾಡಿ ಹೇಳಿದ್ದಲ್ಲ.

ಸಿ. ಅಶ್ವತ್ಥ್ ಹಾಡಿದ ಶರೀಫರ ಪದಗಳು ನಾಡಿಗೆಲ್ಲ ಮುಟ್ಟಿದವು, ಅದು ದೊಡ್ಡ ಉಪಕಾರ. ಆದರೂ ಭಜನೆಯಲ್ಲಿ ಪದದ ನಡಿಗೆಯೇ ಬೇರೆ. ಅಲ್ಲಿ ಪದ ಮುಗಿಸುವ ಅವಸರ ಯಾರಿಗೂ ಇಲ್ಲ. ಪಲ್ಲ ನಿಧಾನಕ್ಕೆ ಶುರುವಾಗುತ್ತದೆ, ನುಡಿಯಿಂದ ನುಡಿಗೆ ಲಯ ಏರುತ್ತದೆ, ಕೊನೆಗೆ ತಾಳ ಹಾಕುವ ಕೈ ಯಾರದೆಂಬುದೇ ಮರೆಯುತ್ತದೆ.

ಏಕತಾರಿಯದು ಒಂದೇ ತಂತಿ. ರಾಗ ನುಡಿಸಲು ಅದಕ್ಕೆ ಬರುವುದಿಲ್ಲ. ಶ್ರುತಿ ಹಿಡಿಯುತ್ತದೆ, ಲಯ ಮೀಟುತ್ತದೆ, ಅಷ್ಟೇ. ಆ ಅಷ್ಟರಲ್ಲೇ ಏನೋ ಇದೆ. 'ಹಠಯೋಗ ಪ್ರದೀಪಿಕೆ'ಯ ನಾಲ್ಕನೆಯ ಉಪದೇಶದಲ್ಲಿ ಸ್ವಾತ್ಮಾರಾಮ ನಾದಾನುಸಂಧಾನದ ಬಗ್ಗೆ ವಿವರವಾಗಿ ಹೇಳುತ್ತಾನೆ. ಒಳಗೆ ಕೇಳುವ ನಾದ ಮೊದಲು ಕಡಲಿನಂತೆ, ಗುಡುಗಿನಂತೆ, ಭೇರಿಯಂತೆ. ನಡುವೆ ಶಂಖ, ಘಂಟೆ. ಕೊನೆಗೆ ಕೊಳಲು, ವೀಣೆ, ದುಂಬಿಯ ಝೇಂಕಾರ. ದೊಡ್ಡ ಸದ್ದಿನಿಂದ ಸಣ್ಣದಕ್ಕೆ ಕಿವಿಯನ್ನು ಕರೆದೊಯ್ಯುವ ದಾರಿ ಅದು. ನನ್ನ ಅನುಭವ ಅಷ್ಟು ದೂರದ್ದಲ್ಲ. ಆದರೆ ದಮ್ಮಡಿ, ತಾಳಗಳ ಆರ್ಭಟದ ನಡುವೆ ಆ ಒಂಟಿ ತಂತಿಯನ್ನು ಹುಡುಕಿ ಹಿಡಿದು ಅದರ ಮೇಲೆಯೇ ಕಿವಿ ನೆಟ್ಟಾಗ, ಮನಸ್ಸು ಬೇರೆಲ್ಲೂ ಓಡುವುದಿಲ್ಲ ಎಂಬುದನ್ನು ಖಂಡಿತ ಹೇಳಬಲ್ಲೆ.

ಇನ್ನೊಂದು ಉಸಿರಿನ ವಿಷಯ. ಮುಮ್ಮೇಳದವರು ನುಡಿ ಹೇಳುವಾಗ ನಾವು ಉಸಿರು ತುಂಬಿಕೊಳ್ಳುತ್ತೇವೆ, ಪಲ್ಲ ಹೇಳುತ್ತ ಬಿಡುತ್ತೇವೆ. ಇಡೀ ಸಾಲಿನ ಎದೆ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರ ಅಧ್ಯಯನ, ಕ್ರೈಸ್ತರ ಜಪಸರ ಪ್ರಾರ್ಥನೆ ಹೇಳಿದಾಗಲೂ 'ಓಂ ಮಣಿ ಪದ್ಮೇ ಹೂಂ' ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುವುದನ್ನು ಕಂಡಿತ್ತು. ಓದಿ ಸಂತೋಷಪಟ್ಟೆ. ಪ್ರಾಣಾಯಾಮ ಎಂದು ಹೆಸರಿಟ್ಟು ಕಲಿಯಬೇಕಾದದ್ದನ್ನು ಪಲ್ಲ ಹೇಳಿಕೊಡುತ್ತಿದೆ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಹೆಣದ ಮುಂದೆ ಭಜನೆ. ಅಂಥ ರಾತ್ರಿ ಕಂಠ ಚೆನ್ನಾಗಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಒಂದು ಮನೆಯಲ್ಲಿ ನಾವು ಚಹಾಕ್ಕೆಂದು ತಾಳ ಕೆಳಗಿಟ್ಟಾಗ, ತೀರಿಕೊಂಡವರ ಮಗಳು ಪಡಸಾಲೆಯ ಕಂಬಕ್ಕೆ ಒರಗಿಕೊಂಡೇ, "ಯಣ್ಣಾ, ನಿಲ್ಲಿಸಬ್ಯಾಡ್ರಿ, ಅದನ್ನ ಇನ್ನೊಮ್ಮೆ ಹೇಳ್ರಿ" ಅಂದಳು. ಹೊಸ ಪದ ಬೇಡ, ಅದೇ ಬೇಕು. ಪಲ್ಲದ ಕೆಲಸ ಏನೆಂದು ನನಗೆ ಪೂರ್ತಿ ತಿಳಿದದ್ದು ಆವಾಗ. ಚಹಾ ಆರಿತು, ನಾವು ಹೇಳುತ್ತಲೇ ಇದ್ದೆವು.

ಶ್ರಾವಣದಲ್ಲಿ ಮಠದ ಭಜನೆಗೆ ಹುಡುಗರು ಬರುತ್ತಾರೆ. ಬಂದವರ ಕೈಗೆ ಮೊದಲು ತಾಳ ಕೊಟ್ಟು ಹಿಮ್ಮೇಳದಲ್ಲಿ ಕೂರಿಸುತ್ತೇವೆ. ಅರ್ಥ ಹೇಳಲು ಹೋಗುವುದಿಲ್ಲ. ಪಲ್ಲ ನಾಲಿಗೆಗೆ ಹತ್ತಿದ ಮೇಲೆ ಅವರೇ ಕೇಳುತ್ತಾರೆ. ಈ ಸಲ ಒಬ್ಬ ನನ್ನ ಕಡೆ ಬಾಗಿ, "ಕಾಕಾ, ಆರು ನೆಲೆ ಅಂದ್ರ ಯಾವೂ?" ಅಂದ. ಅಷ್ಟರಲ್ಲಿ ಮುಂದಿನವರು ಪದ ಎತ್ತಿದರು. "ಪಲ್ಲ ಹೇಳು, ಆಮ್ಯಾಲೆ ಹೇಳ್ತೀನಿ" ಅಂದೆ.