ಅವ್ವನ ದನಿಗೆ ಎರಡು ದಾರಿ

ಬಲವೆಂದರೆ ಹೆಚ್ಚು ಸದ್ದು ಮಾಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಜಾತ್ರೆಯ ಮೈಕಿನಿಂದ ಮದುವೆ ಮನೆಯ ಸ್ಪೀಕರ್ ಪೆಟ್ಟಿಗೆಗಳವರೆಗೆ ಎಲ್ಲೆಡೆಯೂ ಅದೇ ಲೆಕ್ಕ. ಆದರೆ ಯಾರಿಗೆ ಎಷ್ಟು ಬೇಕೋ ಅಷ್ಟನ್ನು ಅಳೆದು ಕೊಡಬಲ್ಲುದೇ ನಿಜವಾದ ಬಲ. ಒಂದು ಪುಟ್ಟ ಆಂಪ್ಲಿಫೈಯರನ್ನು ಆರಿಸುವ ಕೆಲಸ ಈ ಮಾತನ್ನು ನನಗೆ ಮನಗಾಣಿಸಿತು.

ನಮ್ಮ ಊರು ಜಿನನಾಥಪುರ. ಶ್ರವಣಬೆಳಗೊಳದ ಚಂದ್ರಗಿರಿಯ ಉತ್ತರಕ್ಕಿರುವ ಹಳ್ಳಿ. ಇಲ್ಲಿಯ ಶಾಂತಿನಾಥ ಬಸದಿಯನ್ನು ಸುಮಾರು 1200ರ ವೇಳೆಗೆ ದಂಡನಾಯಕ ರೇಚಣನು ಕಟ್ಟಿಸಿದನು. ಅದರ ಹೊರಗೋಡೆಯ ಮೇಲೆ ಜಿನರು, ಯಕ್ಷ ಯಕ್ಷಿಯರ ನಡುವೆ ಮದ್ದಳೆಗಾರರು, ವಾದ್ಯಗಾರರು, ನರ್ತಕಿಯರೂ ಇದ್ದಾರೆ. ಎಂಟು ಶತಮಾನಗಳಿಂದ ಅವರ ಕೈ ಮದ್ದಳೆಯ ಮೇಲೆಯೇ ಇದೆ. ಕಲ್ಲು ರೂಪವನ್ನು ಉಳಿಸಿತು, ನಾದವನ್ನು ಉಳಿಸಲಾಗಲಿಲ್ಲ. ನಾದವನ್ನು ಹಿಡಿದಿಡುವ ಭಾಗ್ಯ ನಮ್ಮ ಕಾಲಕ್ಕೆ ಒದಗಿತು.

ನಮ್ಮ ಮನೆಯಲ್ಲಿ ಆ ಭಾಗ್ಯ ಏಳು ಕ್ಯಾಸೆಟ್ಟುಗಳ ರೂಪದಲ್ಲಿದೆ. ಅವ್ವ ಹಾಡಿದ ಸೋಬಾನೆ ಪದಗಳು, ರಾಗಿ ಬೀಸುವ ಪದಗಳು ಅವುಗಳಲ್ಲಿವೆ. ಅವ್ವ ತೀರಿಕೊಂಡು ಹನ್ನೊಂದು ವರ್ಷಗಳಾದವು. ಕ್ಯಾಸೆಟ್ಟಿನ ಪಟ್ಟಿ ಸವೆಯುತ್ತದೆ, ಅಂಟಿಕೊಳ್ಳುತ್ತದೆ, ಒಮ್ಮೊಮ್ಮೆ ತುಂಡಾಗುತ್ತದೆ. ಆದಕಾರಣ ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ಅವುಗಳಲ್ಲಿಯ ಗರಗರ ಸದ್ದನ್ನು ಗುರುತಿಸಿ ತೆಗೆಯಲು ಹೆಡ್‌ಫೋನ್ ಬೇಕು. ಮನೆಯವರೆಲ್ಲ ಕೂತು ಕೇಳಲು ಮೇಜಿನ ಮೇಲೆ ಸ್ಪೀಕರ್ ಬೇಕು.

ಇದಕ್ಕಿಂತ ದೊಡ್ಡ ಕಾರಣ ಅಪ್ಪ. ಅವರಿಗೀಗ ಎಂಬತ್ತನಾಲ್ಕು. ಸ್ಪೀಕರಿನಲ್ಲಿ ಹಾಡು ಹಾಕಿದಾಗ ಕಿವಿಯನ್ನು ಹತ್ತಿರ ತಂದು ಕೇಳಿ, "ದನಿ ಅವಳದೇ ಕಣ್ಲಾ ಮಗಾ, ಪದ ಮಾತ್ರ ತಿಳೀತಾ ಇಲ್ಲ" ಎಂದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅವರ ಕಿವಿಯ ಪರೀಕ್ಷೆ ಮಾಡಿಸಿದಾಗ ಇದರ ಮರ್ಮ ತಿಳಿದಿತ್ತು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳು. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಹೀಗಾಗಿ ದನಿ ಕೇಳಿಸುತ್ತದೆ, ಮಾತು ಒಡೆಯುವುದಿಲ್ಲ. ಇಂಥವರಿಗೆ ಸದ್ದು ಹೆಚ್ಚಿಸಿದರೆ ಸಾಲದು, ಸ್ಪಷ್ಟತೆ ಬೇಕು.

ಬೆಂಗಳೂರಿನಲ್ಲಿರುವ ತಮ್ಮ ಒಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟ. ಅದರ ಪ್ರತಿರೋಧ 600 ಓಮ್. ಲ್ಯಾಪ್‌ಟಾಪಿಗೆ ಜೋಡಿಸಿದರೆ ಅವ್ವನ ದನಿ ದೂರದ ಕೆರೆಯ ಏರಿಯಿಂದ ಬಂದಂತೆ ಕ್ಷೀಣವಾಗಿತ್ತು. "ಅಣ್ಣಾ, ಇದಕ್ಕೆ ತಕ್ಕ ಆಂಪ್ಲಿಫೈಯರ್ ಬೇಕು" ಎಂದ ತಮ್ಮ.

ಹತ್ತಿರದ ಪಟ್ಟಣದ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ಸಾವಿರ ವಾಟ್ ಪಿ.ಎಂ.ಪಿ.ಒ." ಎಂದು ಬರೆದ ಪೆಟ್ಟಿಗೆಯನ್ನು ತೋರಿಸಿದರು. ಈ ಪಿ.ಎಂ.ಪಿ.ಒ. ಎಂಬುದು ಕ್ಷಣಮಾತ್ರದ ಉತ್ಕರ್ಷವನ್ನು ಹಿಗ್ಗಿಸಿ ಹೇಳುವ ಸಂಖ್ಯೆ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು, ಅಂದರೆ ಆರ್.ಎಂ.ಎಸ್. ವಾಟನ್ನು ಕೇಳಬೇಕು. ನಾನು ಬರಿಗೈಯಲ್ಲಿ ಮನೆಗೆ ಬಂದು ಲೆಕ್ಕಕ್ಕೆ ಕುಳಿತೆ.

ಮೇಜಿನ ಸ್ಪೀಕರಿನ ಪ್ರತಿರೋಧ 8 ಓಮ್. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅದು 86 ಡೆಸಿಬಲ್ ಸದ್ದು ಮಾಡುತ್ತದೆ. ನಾವು ಕೂರುವುದೂ ಅಷ್ಟೇ ದೂರದಲ್ಲಿ. ಹತ್ತಿಪ್ಪತ್ತು ವಾಟ್ ಧಾರಾಳವಾಯಿತು. ಹೆಡ್‌ಫೋನಿಗೆ ಬೇಕಾದ ಶಕ್ತಿ ಇನ್ನೂ ಅಲ್ಪ: ಒಂದು ವಾಟಿನ ಸಾವಿರದಲ್ಲೊಂದು ಪಾಲಿಗೇ ಅದು 96 ಡೆಸಿಬಲ್ ನುಡಿಯುತ್ತದೆ. ಆದರೆ 600 ಓಮಿನ ತಡೆಯನ್ನು ದಾಟಿ, ಹಾಡಿನ ಏರುಗಳಲ್ಲಿಯೂ ದನಿ ಕುಗ್ಗದಂತೆ ನುಡಿಸಲು ಸುಮಾರು 4 ವೋಲ್ಟ್ ಒತ್ತಡ ಬೇಕು. ಸಾಮಾನ್ಯ ಲ್ಯಾಪ್‌ಟಾಪ್ ಕೊಡುವುದು ಸುಮಾರು ಒಂದು ವೋಲ್ಟ್. ನೀರಿಗೆ ಹೋಲಿಸುವುದಾದರೆ, ಸ್ಪೀಕರ್ ಅಗಲವಾದ ಕಾಲುವೆ, ಅದಕ್ಕೆ ಹರಿವು ಹೆಚ್ಚು ಬೇಕು. ಈ ಹೆಡ್‌ಫೋನ್ ಸಣ್ಣ ಕೊಳವೆ, ಇದಕ್ಕೆ ಹರಿವು ಸ್ವಲ್ಪವೇ ಸಾಕು, ಒತ್ತಡ ಬೇಕು.

ಹಾಗಾದರೆ ಸ್ಪೀಕರಿನ ತಂತಿಗಳಿಗೇ ಹೆಡ್‌ಫೋನನ್ನು ಜೋಡಿಸಬಾರದೇಕೆ? ಈಗಿನ ಅನೇಕ ಚಿಕ್ಕ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿಯೂ ವಿದ್ಯುತ್ ಸಂಕೇತವಿರುತ್ತದೆ. ಸಾಧಾರಣ ಹೆಡ್‌ಫೋನಿನಲ್ಲಾದರೋ ಎಡ ಬಲಗಳೆರಡಕ್ಕೂ ಒಂದು ತಂತಿ ಸಮಾನ. ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟೀತು. ಅದೂ ಅಲ್ಲದೆ, ಸ್ಪೀಕರಿನಲ್ಲಿ ಯಾರಿಗೂ ಕೇಳಿಸದ ಹಿಸ್ಸೆಂಬ ಸದ್ದು ಕಿವಿಗೆ ಅಂಟಿದ ಹೆಡ್‌ಫೋನಿನಲ್ಲಿ ಕಾಡುತ್ತದೆ.

ಇಷ್ಟನ್ನು ಬರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಸ್ಪೀಕರಿಗೆ 20 ವಾಟ್. ಹೆಡ್‌ಫೋನಿಗೆ ಪ್ರತ್ಯೇಕವಾದ ನಿಶ್ಶಬ್ದ ವಿಭಾಗ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಸ್ವಿಚ್ಚು. ವರ್ಧನೆಯನ್ನು ತಗ್ಗಿಸುವ, ಏರಿಸುವ ಗುಂಡಿ. ಮಗಳ 16 ಓಮಿನ ಇಯರ್‌ಫೋನಿಗೂ ಒಗ್ಗಬೇಕಾದ್ದರಿಂದ ಆಂಪ್ಲಿಫೈಯರಿನ ಸ್ವಂತ ಪ್ರತಿರೋಧ 2 ಓಮಿಗಿಂತ ಕಡಿಮೆಯಿರಬೇಕು. ಹೆಡ್‌ಫೋನಿನದರ ಎಂಟನೇ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ಸೂತ್ರ. ಇವೆಲ್ಲ ಇದ್ದ ಪೆಟ್ಟಿಗೆ ಅಂಗೈಗಿಂತ ತುಸು ದೊಡ್ಡದಾಗಿತ್ತು, ಅಷ್ಟೇ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಶಕ್ತಿಯುಳ್ಳ ಆಂಪ್ಲಿಫೈಯರ್ ಕಿವಿಯನ್ನು ಕೆಡಿಸಲೂಬಲ್ಲದು. ಹೀಗೆ ಕೆಟ್ಟ ಒಳಗಿವಿಯ ಜೀವಕೋಶಗಳು ಮತ್ತೆ ಚಿಗುರವು. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಡೆಸಿಬಲ್ ಏರಿದರೆ ಕಾಲಾವಧಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಸ್ವಿಚ್ಚು ಬದಲಿಸುವ ಮುನ್ನ ಸದ್ದನ್ನು ಪೂರ್ತಿ ಇಳಿಸುವುದು ಕಟ್ಟಳೆ.

ಅಪ್ಪನ ಶ್ರವಣಸಾಧನವನ್ನು ತೆಗೆಸಿ, ಕಂಪ್ಯೂಟರಿನಲ್ಲಿ ಎತ್ತರದ ಸ್ವರಗಳನ್ನು ತುಸು ಹೆಚ್ಚಿಸಿ, ಹೆಡ್‌ಫೋನ್ ತೊಡಿಸಿದೆ. ಮೆಲ್ಲನೆ ಸದ್ದನ್ನು ಏರಿಸುತ್ತ ಅವರ ಮುಖವನ್ನು ನೋಡುತ್ತಿದ್ದೆ. ಎಲ್ಲಿಯೋ ಒಂದೆಡೆ ಅವರ ತುಟಿಗಳು ಅಲುಗಿದವು. ಆ ಹಾಡು ಮುಗಿಯುವ ಮೊದಲೇ ಕ್ಯಾಸೆಟ್ಟಿನ ಮಗ್ಗುಲು ಮುಗಿದುಹೋಗಿತ್ತು. ಕೊನೆಯ ನುಡಿ ನಮಗಾರಿಗೂ ಗೊತ್ತಿರಲಿಲ್ಲ. ದನಿ ನಿಂತ ಮೇಲೂ ಅಪ್ಪ ನಿಲ್ಲಿಸಲಿಲ್ಲ. ನಡುಗುವ ಕಂಠದಲ್ಲಿ ಆ ನುಡಿಯನ್ನು ತಾವೇ ಹಾಡಿ ಮುಗಿಸಿದರು. ಮಗಳು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಆ ಸಂಜೆ ಸ್ವಿಚ್ಚನ್ನು ಸ್ಪೀಕರಿಗೆ ತಿರುಗಿಸಿ, ಅವ್ವನ ಹಾಡಿಗೆ ಅಪ್ಪನ ನುಡಿಯನ್ನು ಜೋಡಿಸಿ ಮನೆಯವರೆಲ್ಲ ಕೇಳಿದೆವು.

ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಕ್ಯಾಸೆಟ್ಟುಗಳು ಇದ್ದಾವು. ಪಟ್ಟಿ ತುಂಡಾಗುವ ಮೊದಲು ಅವನ್ನು ಕೆಳಗಿಳಿಸಿರಿ. ಹಾಡಿನ ಉಳಿದ ನುಡಿಯನ್ನು ಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಅವರಿಗೆ ಕೇಳಿಸಿರಿ.