ಎರಡನೆಯ ಪೆಟ್ಟು

ಸಾವಿರ ಡಿಗ್ರಿ ಕಾವಿನಲ್ಲಿರುವ ಉಕ್ಕನ್ನು ಒಮ್ಮೆ ಒತ್ತಿ, ಬಿಟ್ಟು, ತುಸು ಕಾದು ಮತ್ತೆ ಒತ್ತುವುದು. ಪ್ರಯೋಗಾಲಯದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಕೆಲಸ ಇನ್ನೊಂದಿಲ್ಲ. ಮೊದಲ ಪೆಟ್ಟಿಗೆ ಉಕ್ಕು ಬಿಗಿಯುತ್ತದೆ; ಆ ಕಾವಿನಲ್ಲಿ ಉಕ್ಕು ತಳೆಯುವ ಆಸ್ಟೆನೈಟ್ ಎಂಬ ರೂಪದ ಕಣಗಳು ಚಪ್ಪಟೆಯಾಗಿ, ಅವುಗಳ ತುಂಬ ಪರಮಾಣು ಸಾಲಿನ ದೋಷಗಳಾದ ಡಿಸ್‌ಲೊಕೇಶನ್‌ಗಳು ಸಿಕ್ಕುಗಟ್ಟುತ್ತವೆ. ಆಮೇಲೆ ಯಾರೂ ಮುಟ್ಟದಿದ್ದರೂ, ಬರೀ ಆ ಕಾವಿಗೇ, ಹಳೆಯ ಕಣಗಳ ಗಡಿಯಲ್ಲಿ ಹೊಸ ಕಣಗಳು ಮೊಳೆತು, ನಲುಗಿದ್ದನ್ನೆಲ್ಲ ನುಂಗುತ್ತ ಬೆಳೆಯುತ್ತವೆ. ಉಕ್ಕು ಮತ್ತೆ ಮೆತ್ತಗಾಗುತ್ತದೆ. ಎಷ್ಟು ಮೆತ್ತಗಾಯಿತು ಎಂಬುದನ್ನು ಎರಡನೆಯ ಪೆಟ್ಟು ಹೇಳುತ್ತದೆ.

ಹೀಗೆ ಕಾಯಿಸಿ ಒತ್ತುವ ಗ್ಲೀಬಲ್ ಯಂತ್ರಕ್ಕೆ ಕೊಡುವ ತುಂಡು ಬಲು ಚಿಕ್ಕದು: 10 ಮಿಲಿಮೀಟರ್ ವ್ಯಾಸ, 15 ಮಿಲಿಮೀಟರ್ ಎತ್ತರದ ಸಿಲಿಂಡರ್. ಅದರ ನಡುವಿಗೆ ಕಾವು ಅಳೆಯುವ, ಕೂದಲೆಳೆಯಂಥ ಥರ್ಮೊಕಪಲ್ ತಂತಿಗಳನ್ನು ಬೆಸೆಯಬೇಕು. ಈ ಬೆಸುಗೆ ಸೊಗಸಾಗಿ ಕೂತರೆ ಅರ್ಧ ಪ್ರಯೋಗ ಗೆದ್ದಂತೆ. ಎರಡೂ ತುದಿಗೆ ಗ್ರಾಫೈಟ್ ಹಾಳೆ ಇಡದಿದ್ದರೆ ತುಂಡು ಪೀಪಾಯಿಯಂತೆ ಉಬ್ಬಿ ಲೆಕ್ಕ ಕೆಡುತ್ತದೆ. ಕರೆಂಟು ಹರಿಸಿ 1200 ಡಿಗ್ರಿಗೆ ಕಾಯಿಸಿ, 1000ಕ್ಕೆ ಇಳಿಸಿ, ಒತ್ತುತ್ತೇವೆ. ಕಾಯುವ ಅವಧಿ ಒಂದು ಸೆಕೆಂಡೋ ನೂರೋ, ಅದು ನಮ್ಮ ಆಯ್ಕೆ.

ಮೊದಲ ಪೆಟ್ಟು ಮುಗಿದಾಗಿನ ಒತ್ತಡಕ್ಕೂ ಎರಡನೆಯ ಪೆಟ್ಟಿಗೆ ಉಕ್ಕು ಮಣಿಯಲು ಶುರುವಾಗುವ ಒತ್ತಡಕ್ಕೂ ಇರುವ ಅಂತರವೇ ಮೂಲ ಲೆಕ್ಕ. ವಿರೂಪ ಹೆಚ್ಚಿದಂತೆ ಒತ್ತಡ ಏರುವ ಗೆರೆಯನ್ನು ಎರಡೂ ಪೆಟ್ಟಿಗೆ ಎಳೆದಾಗ, ಎರಡನೆಯ ಗೆರೆ ಮೊದಲಿನದರ ಮೇಲೇ ಕೂತರೆ ಉಕ್ಕು ಪೂರ್ತಿ ಹೊಸದಾಗಿದೆ. ಮೊದಲ ಗೆರೆ ನಿಂತಲ್ಲಿಂದಲೇ ಎರಡನೆಯದು ಮುಂದುವರಿದರೆ ಏನೂ ಆಗಿಲ್ಲ. ಹೊಸ ಕಣ ಹುಟ್ಟದೆಯೂ ಡಿಸ್‌ಲೊಕೇಶನ್‌ಗಳು ತಮ್ಮತಮ್ಮಲ್ಲೇ ಅಷ್ಟಿಷ್ಟು ಕರಗಿ ಉಕ್ಕು ಕೊಂಚ ಸಡಿಲಗೊಳ್ಳುವುದುಂಟು. ಮಣಿಯುವ ಬಿಂದುವನ್ನು ಶೇಕಡಾ 0.2 ವಿರೂಪದಲ್ಲಿ ಓದದೆ ಶೇಕಡಾ 2ರಲ್ಲಿ ಓದಿದರೆ ಆ ಸಡಿಲಿಕೆ ಬಹುಮಟ್ಟಿಗೆ ಲೆಕ್ಕದಿಂದ ಹೊರಗುಳಿಯುತ್ತದೆ.

ಪ್ರತಿ ಅವಧಿಗೂ ಒಂದು ಹೊಸ ತುಂಡು, ಎಷ್ಟು ಪಾಲು ಮೆತ್ತಗಾಯಿತು ಎಂಬ ಗ್ರಾಫಿನಲ್ಲಿ ಒಂದು ಚುಕ್ಕೆ. ಕಾಲವನ್ನು ಲಾಗ್ ಅಳತೆಯಲ್ಲಿಟ್ಟರೆ ಚುಕ್ಕೆಗಳು ಸೇರಿ ಎಸ್ ಆಕಾರದ ಗೆರೆಯಾಗುತ್ತವೆ. ಒಣ ಅಂಗಳದ ಮೇಲೆ ಮೊದಲ ಮಳೆ ಬಿದ್ದಂತೆಯೇ ಇದು: ಶುರುವಿನ ಹನಿಗಳೆಲ್ಲ ಒಣ ನೆಲಕ್ಕೇ ಬೀಳುತ್ತವೆ, ಬರಬರುತ್ತ ನೆನೆದ ಜಾಗದ ಮೇಲೇ ಬೀಳುತ್ತವೆ, ಕೊನೆಯ ಒಣ ಚೂರು ನೆನೆಯಲು ಬಹಳ ಹೊತ್ತು. ಈ ಲೆಕ್ಕವನ್ನು 1937ರಲ್ಲಿ ಕೊಲ್ಮೊಗೊರೊವ್, 1939ರಲ್ಲಿ ಜಾನ್ಸನ್ ಮತ್ತು ಮೆಹ್ಲ್, ಅದೇ ವರ್ಷದಿಂದ ಅವ್ರಾಮಿ ಕಟ್ಟಿಕೊಟ್ಟರು.

ಗೆರೆಯಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಅರ್ಧ ಕೆಲಸ ಮುಗಿದ ಕ್ಷಣವನ್ನು. ಷೆಫೀಲ್ಡಿನ ಸೆಲ್ಲರ್ಸ್ ಮತ್ತು ವೈಟ್‌ಮನ್ 1979ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಸಾದಾ ಉಕ್ಕಿನಲ್ಲಿ ಮೊದಲ ಕಣದ ಗಾತ್ರ ಇಮ್ಮಡಿಯಾದರೆ ಆ ಕ್ಷಣ ನಾಲ್ಕು ಪಟ್ಟು ತಡ. ಒತ್ತಿದ ಪ್ರಮಾಣ ಇಮ್ಮಡಿಯಾದರೆ ಹದಿನಾರು ಪಟ್ಟು ಬೇಗ. 1000ದಿಂದ 900 ಡಿಗ್ರಿಗೆ ಇಳಿದರೆ ಹನ್ನೊಂದು ಪಟ್ಟು ನಿಧಾನ. ತೋರಣಗಲ್ಲಿನಂಥ ಕಡೆ ಹಾಟ್ ಸ್ಟ್ರಿಪ್ ಮಿಲ್ಲಿನ ಕೊನೆಯ ರೋಲುಗಳ ನಡುವೆ ಉಕ್ಕಿಗೆ ಸಿಗುವ ಬಿಡುವು ಒಂದು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಅದು ಚೇತರಿಸಿಕೊಂಡೀತೇ ಎಂಬ ಪ್ರಶ್ನೆಗೆ ಈ ಪುಟ್ಟ ಸಿಲಿಂಡರೇ ಉತ್ತರ ಕೊಡಬೇಕು.

ಇನ್ನೊಂದು ಜಾಣ ದಾರಿಯಿದೆ. ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದ ಕರ್ಯಲೈನೆನ್ 1995ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತುಂಡನ್ನು ಒತ್ತಿ ಹಾಗೇ ಹಿಡಿದಿಟ್ಟು, ಬಲ ಇಳಿಯುವುದನ್ನು ನೋಡುತ್ತ ಕೂರುತ್ತಾರೆ. ಲಾಗ್ ಕಾಲದ ಗ್ರಾಫಿನಲ್ಲಿ ಇಳಿಜಾರು ನೇರವಾಗಿ ಸಾಗಿ, ಒಮ್ಮೆ ಕಡಿದಾಗಿ ಜಾರಿ, ಮತ್ತೆ ನೇರವಾಗುತ್ತದೆ. ಆ ಜಾರುವಿಕೆಯೇ ಹೊಸ ಕಣಗಳ ಕಾಲ. ಒಂದೇ ತುಂಡಿನಲ್ಲಿ ಇಡೀ ಗೆರೆ! ಆದರೂ ನನ್ನ ಒಲವು ಎರಡು ಪೆಟ್ಟಿನ ಕಡೆಗೇ. ಅಲ್ಲಿ ಯಾವ ಚುಕ್ಕೆಯ ಮೇಲೆ ಅನುಮಾನ ಬಂದರೂ, ಅದೇ ಅವಧಿ ಕಾಯಿಸಿದ ಇನ್ನೊಂದು ತುಂಡನ್ನು ಎರಡನೆಯ ಪೆಟ್ಟಿನ ಬದಲು ನೀರಿಗೆ ಬೀಳಿಸಿ ಸೂಕ್ಷ್ಮದರ್ಶಕದಡಿ ಇಡಬಹುದು.

ಆ ನೋಟ ಸುಲಭವಾಗಿ ಸಿಗುವುದಿಲ್ಲ. ತಣ್ಣಗಾದ ಉಕ್ಕು ಬೇರೆಯೇ ರಚನೆ ತಳೆದು ಮಾರ್ಟೆನ್‌ಸೈಟ್ ಆಗಿಬಿಟ್ಟಿರುತ್ತದೆ. ಕಾವಿನಲ್ಲಿದ್ದ ಕಣಗಳ ಗಡಿ ಮಾತ್ರ ಒಳಗೆಲ್ಲೋ ಉಳಿದಿರುತ್ತದೆ. ಅದನ್ನು ಹೊರಗೆಳೆಯಲು ಪಿಕ್ರಿಕ್ ಆಮ್ಲದ ಬೆಚ್ಚನೆಯ ದ್ರಾವಣ ಬೇಕು, ಅದಕ್ಕೊಂದಿಷ್ಟು ಸೋಪಿನಂಥ ದ್ರವ ಬೇಕು. ಈ ಆಮ್ಲ ಒಣಗಿದರೆ ಸಿಡಿಯುತ್ತದೆ, ಹಾಗಾಗಿ ಅದನ್ನು ಸದಾ ಒದ್ದೆಯಾಗಿಯೇ ಇಡಬೇಕು. ಅದ್ದು, ಒರೆಸು, ನೋಡು, ಮತ್ತೆ ಅದ್ದು. ಉದ್ದುದ್ದ ಹಳೆಯ ಕಣಗಳ ಅಂಚಿನಲ್ಲಿ ಗುಂಡನೆಯ ಪುಟ್ಟ ಹೊಸ ಕಣಗಳ ಸರ ಕಂಡಾಗ ಆಗುವ ಸಂತೋಷವನ್ನು ಯಾವ ಗ್ರಾಫೂ ಕೊಡಲಾರದು.

ಶೇಕಡಾ 0.03ರಷ್ಟು ನಯೋಬಿಯಂ ಸೇರಿಸಿದರೆ ಆಟವೇ ಬೇರೆ. ಸುಮಾರು 950 ಡಿಗ್ರಿಯ ಕೆಳಗೆ, ಒತ್ತಿದ ಉಕ್ಕಿನಲ್ಲಿ ನಯೋಬಿಯಂ ಕಾರ್ಬೈಡಿನ ನ್ಯಾನೊಮೀಟರ್ ಗಾತ್ರದ ಕಣಗಳು ಹುಟ್ಟಿ, ಬೆಳೆಯುತ್ತಿರುವ ಗಡಿಗಳನ್ನು ಹಿಡಿದು ನಿಲ್ಲಿಸುತ್ತವೆ. ಏರುತ್ತಿದ್ದ ಎಸ್ ಗೆರೆ ನಡುವೆಯೇ ಸಮತಟ್ಟಾಗುತ್ತದೆ. ಕಾರ್ಬೈಡ್ ಕಣಗಳು ದಪ್ಪಗಾಗಿ ಹಿಡಿತ ಸಡಿಲಿದ ಮೇಲೆ ಮತ್ತೆ ಏರುತ್ತದೆ. ಪೈಪ್‌ಲೈನಿನ ಗಟ್ಟಿ ಉಕ್ಕು ಹುಟ್ಟುವುದೇ ಈ ತಡೆಯಿಂದ: ಚೇತರಿಸಿಕೊಳ್ಳಲಾಗದ ಆಸ್ಟೆನೈಟ್ ಕಣಗಳು ರೋಲಿನಡಿ ಇನ್ನಷ್ಟು ಚಪ್ಪಟೆಯಾಗಿ, ತಣಿಯುವಾಗ ಸಣ್ಣ ಕಣಗಳ ಫೆರೈಟ್ ಎಂಬ ರೂಪಕ್ಕೆ ತಿರುಗುತ್ತವೆ. ಆ ಸಮತಟ್ಟು ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹಿಡಿಯಲು ಕಾಯುವ ಅವಧಿಗಳನ್ನು ಅಲ್ಲಲ್ಲೇ ಒತ್ತೊತ್ತಾಗಿ ಇಟ್ಟುಕೊಳ್ಳಬೇಕು. ಅದಕ್ಕೆ ಸಾಲುವಷ್ಟು ಸಿಲಿಂಡರ್‌ಗಳು ಲೇತಿನಿಂದ ಬಂದ ವಾರ ನನಗೆ ಹಬ್ಬ.