ಹಲಗೇರಿ ಜಾಡಿನಲ್ಲಿ ಹಗುರ ಫೋರ್ಕ್

ಹಲಗೇರಿಯ ಮನೆಗಳು ಹಿಂದೆ ಉಳಿದವು. ಡಾಂಬರು ಮುಗಿದು ಚಕ್ಕಡಿ ಜಾಡು ಶುರುವಾಗಿದೆ. ಎರಡೂ ಬದಿಗೆ ಗೋವಿನಜೋಳ, ನಡುವೆ ಮಳೆ ಕೊರೆದ ಕಂದಕ. ನೀವು ತುಳಿಯುತ್ತಿರುವುದು ಪೇಟೆಯ ಸಾಮಾನ್ಯ ಮೌಂಟೇನ್ ಸೈಕಲ್. ಮುಂದಿನ ಗಾಲಿ ಹಿಡಿದಿರುವ, ಉಕ್ಕಿನ ಸ್ಪ್ರಿಂಗ್ ಇರುವ ಅದರ ಫೋರ್ಕೊಂದೇ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಏರು ಬಂತು. ಸೀಟಿನಿಂದ ಎದ್ದು ತುಳಿಯುತ್ತೀರಿ. ಒಂದೊಂದು ತುಳಿತಕ್ಕೂ ಫೋರ್ಕ್ ಕುಸಿದು ಏಳುತ್ತದೆ. ಕಾಲಿನ ಕಸುವು ಅಲ್ಲೇ ಸೋರಿಹೋಗುತ್ತಿದೆ.

“ಯಣ್ಣಾ, ಅದು ಬಿಡ್ರಿ, ಇದನ್ನ ಹತ್ತಿ ನೋಡ್ರಿ,” ಎಂದು ಜೊತೆಗಿದ್ದ ಹುಡುಗ ತನ್ನ ರೇಸ್ ಸೈಕಲ್ ಮುಂದೆ ಮಾಡುತ್ತಾನೆ.

ಹ್ಯಾಂಡಲ್ ಹಿಡಿದು ಎತ್ತಿ. ಮುಂದಿನ ಗಾಲಿ ಒಂದೇ ಕೈಗೆ ಬರುತ್ತದೆ. ಹತ್ತಿ ಕೂತರೆ 100 ಮಿ.ಮೀ. ಆಡುವ ಫೋರ್ಕ್ ನಿಮ್ಮ ಭಾರಕ್ಕೆ ಸುಮಾರು 20 ಮಿ.ಮೀ. ತಗ್ಗಿ ನಿಲ್ಲುತ್ತದೆ. ಅಷ್ಟು ತಗ್ಗಲೇಬೇಕು, ಆಗಲೇ ಗುಂಡಿ ಬಂದಾಗ ಗಾಲಿ ಕೆಳಗಿಳಿದು ನೆಲ ಕಚ್ಚಿಕೊಳ್ಳುತ್ತದೆ.

ಈ ಫೋರ್ಕ್ ಮೊದಲಿನದಕ್ಕಿಂತ ಒಂದು ಕಿಲೋಗೂ ಹೆಚ್ಚು ಹಗುರ. ಆ ತೂಕ ಎಲ್ಲಿ ಹೋಯಿತು? ಮೊದಲು ಸ್ಪ್ರಿಂಗೇ ಹೋಯಿತು. ಉಕ್ಕಿನ ಸುರುಳಿಯ ಜಾಗದಲ್ಲಿ ಒತ್ತಿ ತುಂಬಿದ ಗಾಳಿ ಇದೆ. ಸವಾರನ ಭಾರ ನೋಡಿ ಪಂಪಿನಿಂದ ಏರಿಸಬಹುದು, ಇಳಿಸಬಹುದು. ಕೆಳಗಿನ ಕಾಲುಗಳು ಮೆಗ್ನೀಸಿಯಮ್ಮಿನವು. ಒಂದು ಘನ ಸೆಂ.ಮೀ. ಅಲ್ಯೂಮಿನಿಯಂ 2.7 ಗ್ರಾಂ ಇದ್ದರೆ, ಇದು 1.74 ಗ್ರಾಂ.

ಈಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ವಿನ್ಯಾಸಗಾರನ ನಿಜವಾದ ಪರೀಕ್ಷೆ ಇಲ್ಲಿದೆ. ನೆಲ ಗಾಲಿಯನ್ನು ಹಿಂದಕ್ಕೆ ತಳ್ಳುತ್ತದೆ, ಫೋರ್ಕ್ ಬಾಗಲು ನೋಡುತ್ತದೆ. ಬಾಗಿಸುವ ಬಲ ಅಚ್ಚಿನ ಬಳಿ ಕಡಿಮೆ, ಹ್ಯಾಂಡಲ್ ಕೊಳವೆ ಸೇರುವ ಮೇಲ್ಭಾಗದಲ್ಲಿ ಅತಿ ಹೆಚ್ಚು. ಆದ್ದರಿಂದ ಲೋಹ ಮೇಲೆ ದಪ್ಪ, ಕೆಳಗೆ ತೆಳು. ತೂಕ ಇಳಿಸುವ ಆಸೆಗೆ, ಕೆಳಗಿನ ಕಾಲುಗಳೊಳಗೆ ಜಾರುವ ಮೇಲಿನ ಕೊಳವೆಯನ್ನು ಸುಮ್ಮನೆ ತೆಳ್ಳಗೆ ಮಾಡಿದರೆ ಅದು ಬಾಗಿ, ಒಳಗಿನ ಬುಶ್‌ಗೆ ಒತ್ತಿ ಸಿಕ್ಕಿಕೊಳ್ಳುತ್ತದೆ. ಕಲ್ಲು ಎದುರಾದ ಹೊತ್ತಿಗೇ ಸಸ್ಪೆನ್ಷನ್ ಅಲುಗದು. ಉಪಾಯವೆಂದರೆ ಕೊಳವೆಯ ಅಗಲ ಹೆಚ್ಚಿಸಿ ಗೋಡೆ ತೆಳ್ಳಗೆ ಮಾಡುವುದು. ಅಷ್ಟೇ ಲೋಹದಲ್ಲಿ 28 ಮಿ.ಮೀ. ಕೊಳವೆಯನ್ನು 32ಕ್ಕೆ ಹಿಗ್ಗಿಸಿದರೆ ಬಿಗಿತ ಸುಮಾರು 30 ಪ್ರತಿಶತ ಏರುತ್ತದೆ. ಇದಕ್ಕೂ ಮಿತಿಯುಂಟು: ಗೋಡೆ ಅತಿ ತೆಳುವಾದರೆ ಕಲ್ಲೇಟಿಗೆ ತಗ್ಗು ಬೀಳುತ್ತದೆ.

1989ರಲ್ಲಿ ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್ ಕಂಪನಿಯ ಫೋರ್ಕುಗಳೇ ಈ ದಾರಿ ಹಿಡಿದವು. 1998ರ ಮೊದಲ ಸಿಡ್ ಫೋರ್ಕಿಗೆ 28 ಮಿ.ಮೀ. ಕೊಳವೆ, ತೂಕ 1.2 ಕಿಲೋ ಆಸುಪಾಸು. 2020ರ ಸಿಡ್ ಎಸ್‌ಎಲ್‌ಗೆ 32 ಮಿ.ಮೀ. ಕೊಳವೆ, ತೂಕ ಸುಮಾರು 1.3 ಕಿಲೋ. ಇಷ್ಟು ವರ್ಷ ಕಳೆದ ಮೇಲೂ ತೂಕ ಕೊಂಚ ಏರಿದೆ, ಇಳಿದಿಲ್ಲ. ನನಗೆ ಇದು ಸರಿಯಾದ ತೀರ್ಮಾನವೆನಿಸುತ್ತದೆ: ಗಾಲಿ ದೊಡ್ಡದಾಯಿತು, ಫೋರ್ಕ್ ಆಡುವ ದೂರ ಹೆಚ್ಚಿತು, ಹಿಡಿದ ದಾರಿ ತಪ್ಪದ ಫೋರ್ಕ್ ಬೇಕಾಯಿತು.

ಇಳಿಜಾರು ಬಂತು, ಬ್ರೇಕ್ ಬಿಡಿ. ಕಲ್ಲಿನ ಸಾಲು. ಗಾಲಿ ಎದ್ದು ಬೀಳುತ್ತದೆ, ಕೈ ಮಾತ್ರ ಹದವಾಗಿದೆ. ಕಿರುರಂಧ್ರದಲ್ಲಿ ನುಗ್ಗುವ ಎಣ್ಣೆ ಫೋರ್ಕಿನ ವಾಪಸಾತಿಯನ್ನು ನಿಧಾನಗೊಳಿಸುತ್ತಿದೆ.

ನೆರೆಯ ಗದಗಿನಲ್ಲಿ 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದಿದೆ. ಈ ಸೀಮೆಯ ಹುಡುಗರಿಗೆ ರೇಸ್ ದೂರದ್ದಲ್ಲ. ಸೈಕಲ್ ಕೊಳ್ಳುವವರಿಗೆ ನನ್ನ ಮಾತು ಇಷ್ಟು: ಕೊನೆಯ ನೂರು ಗ್ರಾಂಗೆ ದುಡ್ಡು ಸುರಿಯಬೇಡಿ, ಗಾಳಿ ಸ್ಪ್ರಿಂಗ್ ಮತ್ತು 32 ಮಿ.ಮೀ. ಕೊಳವೆ ಇದೆಯೇ ನೋಡಿ. ಎರೆಮಣ್ಣು ಒಣಗುವ ಮೊದಲೇ ಕೊಳವೆ ಒರೆಸಿ, ಸೀಲ್ ಸವೆದರೆ ಕೂಡಲೇ ಬದಲಿಸಿ.